ಷರಾ ಕಾಲಂನಲ್ಲಿ ಉಳಿದವರು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಪ್ರತಿಯೊಂದು ಸ್ಕ್ವಾಡ್ರನ್ನೂ ಒಂದು ದಿನವಹಿ ದಾಖಲೆ ಪುಸ್ತಕ ಇಡಬೇಕಾಗಿತ್ತು. ಅದಕ್ಕೆ 540 ಮತ್ತು 541 ಎಂಬ ಎರಡು ಸರಕಾರಿ ನಮೂನೆಗಳಿದ್ದವು. ಮೊದಲನೆಯದರಲ್ಲಿ ಆಯಾ ದಿನದ ಸಾರಾಂಶ. ಎರಡನೆಯದರಲ್ಲಿ ಗೆರೆ ಎಳೆದ ಕಾಲಂಗಳು: ದಿನಾಂಕ, ವಿಮಾನದ ನಂಬರು, ಸಿಬ್ಬಂದಿಯ ಹೆಸರು, ವಹಿಸಿದ ಕೆಲಸ, ಏರಿದ ಹೊತ್ತು, ಇಳಿದ ಹೊತ್ತು, ಕೊನೆಗೆ ವಿವರ. ಏರಿದ ಹೊತ್ತು ತುಂಬಿ ಇಳಿದ ಹೊತ್ತು ಖಾಲಿ ಉಳಿದಿದ್ದರೆ ಏನಾಯಿತೆಂದು ಬೇರೆ ಹೇಳಬೇಕಾಗಿರಲಿಲ್ಲ. ಆದರೂ ಗುಮಾಸ್ತ ಕೊನೆಯ ಕಾಲಂನಲ್ಲಿ ವಿಮಾನ ಮರಳಲಿಲ್ಲ ಎಂದು ಟೈಪ್ ಮಾಡುತ್ತಿದ್ದ.

ನಮ್ಮ ತಾಲ್ಲೂಕು ಕಚೇರಿಯ ಕಡತಗಳನ್ನು ಕಂಡವರಿಗೆ ಈ ಕೊನೆಯ ಕಾಲಂ ಹೊಸದಲ್ಲ. ಅದನ್ನು ನಾವು 'ಷರಾ' ಎನ್ನುತ್ತೇವೆ. ಉರ್ದು ಶಾಲೆಯ ಬೆಂಚಿನಲ್ಲಿ ಕುಳಿತು ಬಂದವರಿಗೆ ಆ ಪದದ ತವರು ಗೊತ್ತು: ಶರಹ್, ಅಂದರೆ ವ್ಯಾಖ್ಯಾನ, ಬಿಡಿಸಿ ಹೇಳುವುದು. ಗಾಲಿಬನ ದಿವಾನಿಗೆ ಪಂಡಿತರು ಪುಟಗಟ್ಟಲೆ ಬರೆದದ್ದೂ ಶರಹ್. ಅರ್ಜಿಯ ಅಂಚಿನಲ್ಲಿ ಗುಮಾಸ್ತ ಒಂದೇ ಸಾಲಿನಲ್ಲಿ ಗೀಚಿದ್ದೂ ಅದೇ. ಬಿಡಿಸಿ ಹೇಳಬೇಕಾದ ಪದವೇ ಕಚೇರಿಗೆ ಬಂದ ಮೇಲೆ ಮಾತು ಮುಗಿಸುವ ಪದವಾಯಿತು.

ಭಾರೀ ಬಾಂಬರ್ ವಿಮಾನಗಳ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಕಾದಂಬರಿಗಳನ್ನು, ನೆನಪಿನ ಪುಸ್ತಕಗಳನ್ನು, ಸಿನಿಮಾಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬಹುಪಾಲು ಆ ರೋಜ್ನಾಮಚೆಯ ಅಚ್ಚಿನಲ್ಲೇ ಎರಕ ಹೊಯ್ದಂತೆ ಕಾಣುತ್ತವೆ. ವಿಮಾನ ಏರಿದಾಗ ಕಥೆ ಬಿಗಿಯಾಗುತ್ತದೆ, ಇಳಿದಾಗ ಸಡಿಲಾಗುತ್ತದೆ. ನಡುವೆ ನೆಲದ ಮೇಲೆ ಏನಾಯಿತೋ ಅದು ಷರಾಕ್ಕೆ ಸೇರುತ್ತದೆ: ಗುರಿಯ ಮೇಲೆ ಬಾಂಬ್ ಹಾಕಲಾಯಿತು, ದೊಡ್ಡ ಬೆಂಕಿ ಕಂಡಿತು, ಇಷ್ಟೆ. ಕಥೆ ಬರೆಯುವ ಕಸುಬಿನವರಾದ ನಮಗೆ ಇದನ್ನು ಇತಿಹಾಸಕಾರರ ಪಾಲಿಗೆ ಬಿಟ್ಟು ಸುಮ್ಮನಿರಲು ಆಗುವುದಿಲ್ಲ. ಕಥೆ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಲೇಖಕ ನಿರ್ಧರಿಸುವಾಗಲೇ ಓದುಗ ಯಾರ ಸಲುವಾಗಿ ಅಳಬೇಕು ಎಂಬುದೂ ನಿರ್ಧಾರವಾಗಿಬಿಟ್ಟಿರುತ್ತದೆ.

ಆ ದಿನಚರಿಯನ್ನು ಮೊದಲು ನೋಡೋಣ. ಅದರ ಸೆಳೆತವೇನೆಂದು ತಿಳಿಯದೆ ಅದರ ಬಲೆಗೆ ಬಿದ್ದವರನ್ನು ದೂರುವುದು ನ್ಯಾಯವಲ್ಲ.

1943ರ ಇಂಗ್ಲೆಂಡು, ಲಿಂಕನ್‌ಶೈರ್‌ನ ಬಯಲು ಸೀಮೆ. ಬೀಟ್‌ರೂಟು, ಆಲೂಗಡ್ಡೆ ಬೆಳೆಯುವ ಹೊಲಗಳ ನಡುವೆ ಕಾಂಕ್ರೀಟು ಹಾಕಿದ ರನ್‌ವೇಗಳು. ಒಂದು ಸ್ಕ್ವಾಡ್ರನ್ನಿಗೆ ಹದಿನೆಂಟು ಇಪ್ಪತ್ತು ಲ್ಯಾಂಕಾಸ್ಟರ್‌ಗಳು, ಒಂದೊಂದಕ್ಕೂ ನಾಲ್ಕು ಎಂಜಿನ್, ಏಳು ಜನ: ಪೈಲಟ್, ಎಂಜಿನ್ ನೋಡಿಕೊಳ್ಳುವವ, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬ್ ಬಿಡುವವ, ವೈರ್‌ಲೆಸ್‌ನವ, ಮೇಲಿನ ಗನ್ನರ್, ಬಾಲದ ಗನ್ನರ್. ಬೆಳಗಿನ ತಿಂಡಿಯ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಇವತ್ತು ರಾತ್ರಿ ಕೆಲಸ ಇದೆಯೇ ಇಲ್ಲವೇ? ಇದೆ ಎಂದಾದ ಕೂಡಲೇ ನಿಲ್ದಾಣದಿಂದ ಹೊರಗೆ ಹೋಗುವ ಟೆಲಿಫೋನುಗಳು ಬಂದ್. ಹಗಲು ಹೊತ್ತಿನಲ್ಲಿ ವಿಮಾನವನ್ನು ಒಮ್ಮೆ ಹಾರಿಸಿ ನೋಡಿ ತಂದು ನಿಲ್ಲಿಸುತ್ತಾರೆ. ಅಷ್ಟರಲ್ಲಿ ಬಾಂಬ್ ಉಗ್ರಾಣದಿಂದ ಟ್ರಾಲಿಗಳ ಸಾಲು ಹೊರಟಿರುತ್ತದೆ. ನಗರಗಳ ಮೇಲಿನ ದಾಳಿಗೆ ಸಾಮಾನ್ಯವಾಗಿ 4,000 ಪೌಂಡಿನ ಒಂದು ದೊಡ್ಡ ಬಾಂಬು, ಅದರ ಜೊತೆ ಒಂದೊಂದು ನಾಲ್ಕೇ ಪೌಂಡ್ ತೂಗುವ ಬೆಂಕಿಬಾಂಬುಗಳು ಸಾವಿರಕ್ಕೂ ಮೇಲೆ. ಇದರಲ್ಲಿ ಒಂದು ಲೆಕ್ಕಾಚಾರವಿದೆ. ದೊಡ್ಡದು ಹೆಂಚು ಹಾರಿಸಿ ಕಿಟಕಿ ಒಡೆಯುತ್ತದೆ. ಚಿಕ್ಕವು ಆ ತೆರೆದ ಅಟ್ಟಗಳೊಳಗೆ ಬಿದ್ದು ಬೆಂಕಿ ಹಚ್ಚುತ್ತವೆ.

ಗುರಿ ಯಾವುದೆಂದು ಸಂಜೆಯವರೆಗೆ ಗುಟ್ಟು. ಆದರೆ ವಿಮಾನದ ಕೆಳಗೆ ಮಳೆ ಚಳಿಯಲ್ಲಿ ದುಡಿಯುವ ಮೆಕ್ಯಾನಿಕ್‌ಗಳಿಗೆ ಪೆಟ್ರೋಲಿನ ಪ್ರಮಾಣ ಗೊತ್ತಿರುತ್ತದಲ್ಲ. ಟ್ಯಾಂಕು ಪೂರ್ತಿ ತುಂಬಿದರೆ 2,154 ಗ್ಯಾಲನ್. ಪೆಟ್ರೋಲು ಜಾಸ್ತಿ, ಬಾಂಬು ಕಡಿಮೆ ಎಂದರೆ ಊರು ದೂರ, ಬರ್ಲಿನ್ನೇ ಇರಬಹುದು. ಪೆಟ್ರೋಲು ಕಡಿಮೆ ಎಂದರೆ ರೂರ್ ಕಣಿವೆ. ಆಮೇಲೆ ಎಲ್ಲರೂ ಒಂದು ಕೋಣೆಯಲ್ಲಿ ಸೇರುತ್ತಾರೆ, ಗೋಡೆಯ ನಕ್ಷೆಯ ಮೇಲಿನ ಪರದೆ ಸರಿಯುತ್ತದೆ, ಇಂಗ್ಲೆಂಡಿನಿಂದ ಜರ್ಮನಿಯ ಒಂದು ಊರಿನವರೆಗೆ ಎಳೆದ ಪಟ್ಟಿ ಕಾಣುತ್ತದೆ. ಹವಾಮಾನದವನನ್ನು ಕಂಡರೆ ಎಲ್ಲರಿಗೂ ತಮಾಷೆ. ಆ ಬಳಿಕ ಊಟ, ಅದರಲ್ಲಿ ಹುರಿದ ಮೊಟ್ಟೆ. ರೇಷನ್ನಿನ ಆ ದಿನಗಳಲ್ಲಿ ಊರಿನ ಜನರಿಗೆ ವಾರಕ್ಕೊಂದು ಮೊಟ್ಟೆ ಸಿಕ್ಕರೆ ಹೆಚ್ಚು. ನೀನು ಬರದಿದ್ದರೆ ನಿನ್ನ ಮೊಟ್ಟೆ ನನಗೆ, ಎಂಬುದು ಆ ಮೆಸ್ಸುಗಳ ನಿತ್ಯದ ಹಾಸ್ಯ.

ಜೇಬು ಖಾಲಿ ಮಾಡಿ, ಪ್ಯಾರಾಶೂಟ್ ಪಡೆದು, ಹೆಣ್ಣುಮಕ್ಕಳು ಓಡಿಸುವ ಬಸ್ಸು ಲಾರಿಗಳಲ್ಲಿ ವಿಮಾನದ ಬಳಿಗೆ ಹೋಗಿ ಕಾಯುವುದು. ಈ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟವಾಗಿತ್ತು ಎಂದು ಉಳಿದು ಬಂದವರೆಲ್ಲ ಬರೆದಿದ್ದಾರೆ. ಹಸಿರು ದೀಪ ಹೊಳೆದರೆ ಒಂದರ ಹಿಂದೊಂದು ಏರುತ್ತವೆ. ಬಾಂಬ್ ಬಿಟ್ಟ ಮೇಲೂ ಅರ್ಧ ನಿಮಿಷದ ಆಸುಪಾಸು ಅಲುಗಾಡದೆ ನೇರ ಹಾರಬೇಕು, ಫೋಟೋ ತೆಗೆಯಲಿಕ್ಕೆ. ಆ ಫೋಟೋ ಪುರಾವೆ. ಬೆಳಗಿನ ಜಾವ ಮರಳಿದವರಿಗೆ ರಮ್ ಬೆರೆಸಿದ ಚಹಾ, ಗುಪ್ತಚರ ಅಧಿಕಾರಿಯ ಪ್ರಶ್ನೆಗಳು, ಕಪ್ಪು ಹಲಗೆಯ ಮೇಲೆ ಹೊತ್ತು ಬರೆಯದೆ ಖಾಲಿ ಉಳಿದ ಒಂದೆರಡು ಸಾಲು. ಬಾರದವರ ಮಂಚದ ಬಳಿಗೆ ಬೆಳಿಗ್ಗೆ ಬೇರೆಯವರು ಬಂದು ಬಟ್ಟೆಬರೆ ಕಟ್ಟುತ್ತಾರೆ, ಮನೆಯವರಿಗೆ ನೋವಾಗುವಂಥ ಕಾಗದಗಳಿದ್ದರೆ ತೆಗೆದಿಡುತ್ತಾರೆ. ಸಂಜೆಯೊಳಗೆ ಆ ಮಂಚಕ್ಕೆ ಹೊಸ ಹುಡುಗ. ಹೀಗೆ 30 ಸಲ ಹೋಗಿ ಬಂದರೆ ಒಂದು ಸರದಿ ಮುಗಿಯಿತು.

ಆ ಮೂವತ್ತನ್ನು ಮುಗಿಸಿದವರು ಕಡಿಮೆ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಸತ್ತರು. ಎಲ್ಲರೂ ಸ್ವ ಇಚ್ಛೆಯಿಂದ ಬಂದವರು, ಹೆಚ್ಚಿನವರು ಇಪ್ಪತ್ತರ ಆಚೀಚಿನ ಹುಡುಗರು. ಇನ್ನು ಹೋಗಲಾರೆ ಎಂದವನ ಕಡತದಲ್ಲಿ 'ನೈತಿಕ ಸ್ಥೈರ್ಯದ ಕೊರತೆ' ಎಂದು ಷರಾ ಬೀಳುತ್ತಿತ್ತು. ಇಪ್ಪತ್ತು ದಾಳಿ ಮಾಡಿ ಇಪ್ಪತ್ತೊಂದನೆಯದಕ್ಕೆ ಕೈ ನಡುಗಿದವನಿಗೂ ಅದೇ ಷರಾ ಬೀಳಬಹುದಿತ್ತು.

ಕಥೆಗಾರನಿಗೆ ಇದಕ್ಕಿಂತ ಸಿದ್ಧ ಹಂದರ ಬೇಕೆ? ಬೆಳಿಗ್ಗೆ, ಸಂಜೆ, ಕತ್ತಲೆ, ನಸುಕು. ಏಳು ಜನ, ಏಳು ಸ್ವಭಾವ, ಒಂದು ಚಿಕ್ಕ ಜಾಗ. ಕೊನೆಯಲ್ಲಿ ಎಣಿಕೆ. ಹಾಗಾಗಿಯೇ ಸಿನಿಮಾದವರು ಇದಕ್ಕೆ ಮುಗಿಬಿದ್ದರು. 1955ರ 'ದಿ ಡ್ಯಾಮ್ ಬಸ್ಟರ್ಸ್' ಅದರ ಮಾದರಿ. 1943ರ ಮೇ 16ರ ರಾತ್ರಿ 617ನೇ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರ್‌ಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟವು, 8 ಮರಳಲಿಲ್ಲ, 53 ಜನ ಸತ್ತರು. ಚಿತ್ರದ ಕೊನೆಯಲ್ಲಿ ಬಾಂಬಿನ ವಿನ್ಯಾಸಕಾರ ಈ ಹುಡುಗರ ಸಾವಿಗೆ ಕುಗ್ಗಿಹೋಗುತ್ತಾನೆ, ದಳದ ನಾಯಕ ಮನೆಗಳಿಗೆ ಕಾಗದ ಬರೆಯಲು ಹೋಗುತ್ತಾನೆ. ಆ ದೃಶ್ಯ ಚೆನ್ನಾಗಿದೆ, ಅದರ ಸಂಯಮಕ್ಕೆ ನಾವೂ ಮೆಚ್ಚುತ್ತೇವೆ. ಆದರೆ ಆ ರಾತ್ರಿ ನೀರಿನಲ್ಲಿ ಕೊಚ್ಚಿಹೋದವರು 1,300ಕ್ಕೂ ಹೆಚ್ಚು. ಅವರಲ್ಲಿ ನೂರಾರು ಜನ ಹಿಟ್ಲರನ ಸರಕಾರ ಪೂರ್ವ ಯುರೋಪಿನಿಂದ ಹಿಡಿದು ತಂದು ಶಿಬಿರದಲ್ಲಿ ಕೂಡಿಹಾಕಿದ್ದ ಜೀತದ ಹೆಂಗಸರು. ನೀರು ಬಂದಾಗ ಓಡಲು ಅವರಿಗೆ ದಾರಿ ಇರಲಿಲ್ಲ. ಅವರು ಯಾರ ಶತ್ರುಗಳೂ ಅಲ್ಲ, ಮಿತ್ರಪಕ್ಷದ ದೇಶದವರೇ. ಅವರ ಶಿಬಿರಕ್ಕೆ ಚಿತ್ರದಲ್ಲಿ ಜಾಗವಿಲ್ಲ. ದ್ವೇಷದಿಂದ ಹೊರಗಿಟ್ಟರೆಂದು ನಾವು ಭಾವಿಸುವುದಿಲ್ಲ. ವಿಮಾನ ಹಿಂದಿರುಗುತ್ತಿದ್ದಂತೆ ಕ್ಯಾಮರಾವೂ ಹಿಂದಿರುಗಿತು, ಅಷ್ಟೆ.

ಈ ಹಂದರದಲ್ಲಿ ಇನ್ನೊಂದು ಹುಸಿಯಿದೆ. ಹಳಬನಾದರೆ, ಪಳಗಿದವನಾದರೆ ಬದುಕಿ ಬರುತ್ತಾನೆ ಎಂಬುದು ಇಂಥ ಕಥೆಗಳ ಬೆನ್ನೆಲುಬು. ಮುಂದೆ ದೊಡ್ಡ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್ ಆಗ ಬಾಂಬರ್ ಕಮಾಂಡಿನ ಕಚೇರಿಯಲ್ಲಿ ಅಂಕಿಸಂಖ್ಯೆ ನೋಡುವ ಹುಡುಗ. ಅನುಭವಕ್ಕೂ ಬದುಕಿ ಬರುವುದಕ್ಕೂ ಸಂಬಂಧವೇ ಕಾಣುವುದಿಲ್ಲ ಎಂದು ಅವನ ಲೆಕ್ಕ ತೋರಿಸಿತು. ಗನ್ನರ್‌ಗಳ ಗೋಪುರ ಕಿತ್ತುಹಾಕಿದರೆ ವಿಮಾನ ಹಗುರಾಗಿ ವೇಗವಾಗಿ ಹೋದೀತು, ಹೋದರೂ ಏಳರ ಬದಲು ಐದು ಜೀವ ಹೋದೀತು ಎಂಬ ವಾದಕ್ಕೂ ಮೇಲಿನವರು ಕಿವಿಗೊಡಲಿಲ್ಲ. ಇದನ್ನೆಲ್ಲ ಡೈಸನ್ 1979ರಲ್ಲಿ ಬಂದ ತನ್ನ ಆತ್ಮಕಥನದಲ್ಲಿ ನಾಚಿಕೆಯಿಂದಲೇ ಬರೆದಿದ್ದಾನೆ. ಆ ಕೆಲವು ಪುಟಗಳು ಹತ್ತಾರು ವೀರಗಾಥೆಗಳಿಗಿಂತ ಹೆಚ್ಚು ತಲ್ಲಣ ಹುಟ್ಟಿಸುತ್ತವೆ.

ಈಗ ಎರಡು ರಾತ್ರಿಗಳನ್ನು ಪಕ್ಕ ಪಕ್ಕ ಇಡೋಣ. 1943ರ ಜುಲೈ 27ರ ರಾತ್ರಿ 787 ವಿಮಾನಗಳು ಹ್ಯಾಂಬರ್ಗಿಗೆ ಹೊರಟವು. ಜರ್ಮನ್ ರಾಡಾರನ್ನು ಕುರುಡು ಮಾಡುವ ಲೋಹದ ಚೂರುಗಳನ್ನು ಆಕಾಶದಲ್ಲಿ ಸುರಿಯುವ ಉಪಾಯ ಆ ವಾರವಷ್ಟೇ ಬಳಕೆಗೆ ಬಂದಿತ್ತು. ಹೀಗಾಗಿ ಮರಳದೆ ಉಳಿದವು 17 ಮಾತ್ರ. ರೋಜ್ನಾಮಚೆಗಳ ಮಟ್ಟಿಗೆ ಅದು ಒಳ್ಳೆಯ ರಾತ್ರಿ. ಕೆಳಗೆ ಒಣ ಬೇಸಿಗೆ. ಬಿಡಿ ಬೆಂಕಿಗಳು ಒಂದಾಗಿ, ಸುತ್ತಲಿನ ಗಾಳಿಯನ್ನೆಲ್ಲ ಎಳೆದುಕೊಂಡು ಬಿರುಗಾಳಿಯಾಗಿ ಎದ್ದವು. ನೆಲಮಾಳಿಗೆಗಳಲ್ಲಿ ಅಡಗಿದ್ದವರು ಉಸಿರುಕಟ್ಟಿ ಸತ್ತರು, ಹೊರಗೆ ಓಡಿದವರು ಕರಗಿದ ಡಾಂಬರಿನಲ್ಲಿ ಸಿಕ್ಕಿಕೊಂಡರು. ಆ ಹತ್ತು ದಿನಗಳ ದಾಳಿಗಳಲ್ಲಿ ಸುಮಾರು 40,000 ಜನ ಸತ್ತರು, ಹೆಚ್ಚಿನವರು ಆ ಒಂದೇ ರಾತ್ರಿ.

ಇನ್ನೊಂದು ರಾತ್ರಿ 1944ರ ಮಾರ್ಚ್ 30. ಗುರಿ ನ್ಯೂರೆಂಬರ್ಗ್. ಬೆಳದಿಂಗಳು, ಮೋಡವಿಲ್ಲ, ಜರ್ಮನ್ ಫೈಟರ್‌ಗಳಿಗೆ ಹಬ್ಬ. 795ರಲ್ಲಿ 95 ವಿಮಾನ ಬಿದ್ದವು, 500ಕ್ಕೂ ಹೆಚ್ಚು ಹುಡುಗರು ಸತ್ತರು. ನೆಲದ ಮೇಲೆ ಸತ್ತವರು ಅದಕ್ಕಿಂತ ಬಹಳ ಕಡಿಮೆ. ಸ್ಕ್ವಾಡ್ರನ್ನುಗಳ ನೆನಪಿನಲ್ಲಿ ಇದು ಕರಾಳ ರಾತ್ರಿ. ಕನಸಿನಲ್ಲಿ ಬರುವುದು, ಸಮ್ಮಿಲನಗಳಲ್ಲಿ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವುದು ಇದನ್ನೇ. ಪುಸ್ತಕ ಒಂದೇ, ಕಾಲಂಗಳು ಒಂದೇ. ಆದರೆ ಅದನ್ನು ನಂಬಿ ಹೊರಟ ಓದುಗ ಹ್ಯಾಂಬರ್ಗಿನಲ್ಲಿ ನಿಟ್ಟುಸಿರು ಬಿಟ್ಟು ನ್ಯೂರೆಂಬರ್ಗಿನಲ್ಲಿ ಅಳುತ್ತಾನೆ.

ಇಲ್ಲಿ ಒಬ್ಬ ಪತ್ರಕರ್ತನ ಮಾತು ಹೇಳಲೇಬೇಕು. ಅಮೆರಿಕದ ರೇಡಿಯೋ ವರದಿಗಾರ ಎಡ್ವರ್ಡ್ ಮರ್ರೋ 1943ರ ಡಿಸೆಂಬರ್ 2ರ ರಾತ್ರಿ ಲ್ಯಾಂಕಾಸ್ಟರ್ ಒಂದರಲ್ಲಿ ಕುಳಿತು ಬರ್ಲಿನ್ನಿನ ಮೇಲೆ ಹೋಗಿ ಬಂದ. ಅದೇ ರಾತ್ರಿ ಬೇರೆ ವಿಮಾನಗಳಲ್ಲಿ ಹೋದ ಬರಹಗಾರರಲ್ಲಿ ಇಬ್ಬರು ಸತ್ತರು. ಒಬ್ಬ ನಾರ್ವೆಯ ಕವಿ ನೂರ್ದಾಲ್ ಗ್ರಿಗ್. ಮರ್ರೋ ಮರುದಿನ ರೇಡಿಯೋದಲ್ಲಿ ಹೇಳಿದ್ದು ಪೂರ್ತಿ ದಿನಚರಿಯ ಹಂದರದಲ್ಲೇ ಇದೆ: ಹವಾಮಾನ, ಊಟ, ಏರುವುದು, ಬೆಳಕಿನ ಕೋಲುಗಳು, ಮರಳುವುದು. ಹುಡುಗರು ಇದನ್ನೊಂದು ಕೆಲಸ ಎಂದೇ ಕರೆಯುತ್ತಾರೆ ಎನ್ನುತ್ತಾನೆ. ಆದರೆ ಕೊನೆಗೆ ಬಂದಾಗ, ಮೇಲೆ ಸಾಯುವವರ ಜೊತೆಗೇ ನೆಲಮಾಳಿಗೆಗಳಲ್ಲಿ ಬೇಯುತ್ತಿರುವವರನ್ನೂ ಅವನು ಒಂದೇ ವಾಕ್ಯದಲ್ಲಿ ತಂದುಬಿಡುತ್ತಾನೆ. ಯುದ್ಧ ನಡೆಯುತ್ತಿರುವಾಗ, ಗೆಲ್ಲಬೇಕಾದ ಪಕ್ಷದ ರೇಡಿಯೋದಲ್ಲಿ, ತಾನೇ ಹತ್ತಿ ಬಂದ ವಿಮಾನದ ಕಥೆ ಹೇಳುತ್ತಾ ಅವನು ಆ ವಾಕ್ಯ ಹೇಳಿದ. ಯುದ್ಧ ಮುಗಿದು ಹತ್ತು ವರ್ಷ ಕಳೆದ ಮೇಲೂ ಸಿನಿಮಾದವರಿಗೆ ಆ ಒಂದು ವಾಕ್ಯದ ಎದೆಗಾರಿಕೆ ಬರಲಿಲ್ಲ.

ಕಾದಂಬರಿಗಳ ಪೈಕಿ ಈ ಹಂದರವನ್ನು ಒಪ್ಪಿಕೊಂಡೇ ಒಡೆದವನು ಲೆನ್ ಡೈಟನ್. ಗೂಢಚಾರಿ ಕಾದಂಬರಿಗಳಿಗೆ ಹೆಸರಾದ ಈತನ 'ಬಾಂಬರ್' 1970ರಲ್ಲಿ ಬಂತು. ಕಥೆ ನಡೆಯುವುದು 1943ರ ಜೂನ್ 31ರಂದು, ಅಂದರೆ ಕ್ಯಾಲೆಂಡರಿನಲ್ಲೇ ಇಲ್ಲದ ದಿನ. ಇಪ್ಪತ್ತನಾಲ್ಕು ಗಂಟೆ, ಒಂದು ಕಾಲ್ಪನಿಕ ವಿಮಾನ ನಿಲ್ದಾಣ, ಒಂದು ದಾಳಿ. ಇಲ್ಲಿಯವರೆಗೆ ಎಲ್ಲವೂ ಹಳೆಯ ಜಾಡೇ. ಆದರೆ ಡೈಟನ್ ಅದೇ ಗಡಿಯಾರವನ್ನು ಇನ್ನೂ ಮೂರು ಕಡೆ ತೂಗುಹಾಕುತ್ತಾನೆ: ಹಾಲೆಂಡಿನ ಕರಾವಳಿಯ ಜರ್ಮನ್ ರಾಡಾರ್ ಕೇಂದ್ರದಲ್ಲಿ, ರಾತ್ರಿ ಫೈಟರ್‌ಗಳ ನೆಲೆಯಲ್ಲಿ, ಮತ್ತು ಆಲ್ಟ್‌ಗಾರ್ಟನ್ ಎಂಬ ಒಂದು ಸಣ್ಣ ಜರ್ಮನ್ ಊರಿನಲ್ಲಿ. ದಾಳಿಯ ಗುರಿ ಕ್ರೇಫೆಲ್ಡ್. ಆದರೆ ಗುರುತಿನ ದೀಪಗಳನ್ನು ಹೊತ್ತ ವಿಮಾನ ಬೇರೆಡೆ ಬಿದ್ದು, ಹಿಂದೆ ಬಂದವರೆಲ್ಲ ಆ ಬೆಳಕನ್ನೇ ನಂಬಿ ಯಾರ ಪಟ್ಟಿಯಲ್ಲೂ ಇಲ್ಲದ ಆಲ್ಟ್‌ಗಾರ್ಟನ್ನಿನ ಮೇಲೆ ಸುರಿಯುತ್ತಾರೆ. ಇಂಗ್ಲೆಂಡಿನಲ್ಲಿ ಟ್ರಾಲಿಗೆ ಬಾಂಬ್ ಏರುವ ಹೊತ್ತಿಗೆ ಆ ಊರಿನಲ್ಲಿ ಮೇಯರನ ಹುಟ್ಟುಹಬ್ಬದ ಊಟಕ್ಕೆ ಸಿದ್ಧತೆ ನಡೆದಿರುತ್ತದೆ. ಓದುಗನಿಗೆ ಎರಡೂ ಗೊತ್ತು. ಆ ತಿಳಿವಳಿಕೆಯ ಭಾರವನ್ನು ಹೊತ್ತುಕೊಂಡು ಪುಟ ಮಗುಚಬೇಕು.

ಡೈಟನ್ನನ ದೋಷಗಳೂ ಇವೆ. ಯಂತ್ರದ ವಿವರ ಅತಿಯಾಯಿತು. ಸ್ಕ್ರೂ, ವಾಲ್ವು, ವಿಮಾನವಿರೋಧಿ ಗುಂಡು ಸಿಡಿಯುವಾಗ ಎಷ್ಟು ಚೂರಾಗುತ್ತದೆ ಎಂಬಂಥ ಮಾಹಿತಿ ಪುಟ ತುಂಬುತ್ತದೆ. ಹೆಂಗಸರು ಬಹುತೇಕ ತೆಳು. ಆದರೂ ಈ ಒಣ ವಿವರವೇ ಅವನ ಪ್ರಾಮಾಣಿಕತೆ ಎಂದು ಎರಡನೆಯ ಓದಿನಲ್ಲಿ ಅನಿಸುತ್ತದೆ. ವಿಮಾನದ ಎಂಜಿನ್ನನ್ನು ವಿವರಿಸುವ ಅದೇ ತಣ್ಣನೆಯ ದನಿಯಲ್ಲಿ ಕುಸಿಯುವ ಮನೆಯನ್ನೂ ಸುಡುವ ದೇಹವನ್ನೂ ವಿವರಿಸುತ್ತಾನೆ. ಷರಾ ಕಾಲಂ ಇಲ್ಲಿ ಪುಟದ ಪೂರ್ತಿ ಅಗಲಕ್ಕೆ ಹಿಗ್ಗಿದೆ. ಜರ್ಮನರನ್ನು ಅವನು ಬರೀ ನತದೃಷ್ಟರನ್ನಾಗಿ ಮಾಡಿಲ್ಲ ಎಂಬುದೂ ಮುಖ್ಯ. ದಖಾವ್ ಶಿಬಿರದ ಕೈದಿಗಳ ಮೇಲೆ ನಡೆದ ಪ್ರಯೋಗಗಳ ಕಾಗದಪತ್ರ ಒಬ್ಬ ಫೈಟರ್ ಪೈಲಟ್ಟನ ಕೈಗೆ ಸಿಕ್ಕುವ ಎಳೆಯೊಂದು ಕಾದಂಬರಿಯುದ್ದಕ್ಕೂ ಇದೆ.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುವುದು ಸಹಜ. ವಾರ್ಸಾ, ರಾಟರ್‌ಡ್ಯಾಮ್, ಲಂಡನ್, ಕೊವೆಂಟ್ರಿಗಳ ಮೇಲೆ ಮೊದಲು ಸುರಿದವರು ಯಾರು? ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಆಡಳಿತವನ್ನು ಬೇರೆ ಹೇಗೆ ಮಣಿಸಬೇಕಿತ್ತು? ಈ ಪ್ರಶ್ನೆ ಗಂಭೀರವಾದದ್ದು. ಅದನ್ನು ತಳ್ಳಿಹಾಕುವವರ ಸಾಲಿನಲ್ಲಿ ನಾವಿಲ್ಲ. ಆದರೆ ಇದೂ ದಾಖಲೆಯಲ್ಲಿದೆ: ಗುರಿ ಮುಟ್ಟಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿತ್ತೆಂದು 1941ರ ಆಗಸ್ಟಿನಲ್ಲಿ ಬ್ರಿಟಿಷರದೇ ತನಿಖೆ ತೋರಿಸಿತು. ಕಾರ್ಖಾನೆಗೆ ಗುರಿಯಿಡಲಾಗದು ಎಂದಾದಾಗ ಇಡೀ ಊರೇ ಗುರಿಯಾಯಿತು. 1942ರ ಫೆಬ್ರವರಿ 14ರ ಆದೇಶದಲ್ಲಿ ಕಾರ್ಮಿಕ ವರ್ಗದ ಮನೋಬಲವನ್ನು ಮುರಿಯುವುದೇ ಉದ್ದೇಶವೆಂದು ಬರೆದದ್ದಿದೆ. ನ್ಯಾಯದ ಪಕ್ಷದ ಕೈಯಲ್ಲೂ ಅನ್ಯಾಯ ನಡೆಯುತ್ತದೆ. ಹೇಗೆ ನಡೆಯಿತು, ಮಾಡಿದವನಿಗೆ ಅದು ಏಕೆ ಕಾಣಲಿಲ್ಲ ಎಂದು ತೋರಿಸಲು ನ್ಯಾಯಾಲಯಕ್ಕಿಂತ ಕಾದಂಬರಿಗೆ ಹೆಚ್ಚು ಅವಕಾಶವಿದೆ.

ಇನ್ನು ನೆಲದಿಂದ ನೋಡಿದವರು. ಹ್ಯಾಂಬರ್ಗಿನ ಲೇಖಕ ಹಾನ್ಸ್ ಎರಿಕ್ ನೊಸ್ಸಾಕ್ ದಾಳಿಗೆ ಕೆಲವೇ ದಿನ ಮೊದಲು ಊರಿನ ದಕ್ಷಿಣದ ಬಯಲಿನ ಒಂದು ಹಳ್ಳಿಮನೆಗೆ ರಜೆಗೆಂದು ಹೋಗಿದ್ದ. ಅಲ್ಲಿಂದಲೇ ತನ್ನ ನಗರ ಉರಿಯುವುದನ್ನು ಕಂಡ. ಮನೆ, ಹಸ್ತಪ್ರತಿಗಳು ಎಲ್ಲವೂ ಹೋದವು. ಅದೇ ವರ್ಷ ನವೆಂಬರಿನಲ್ಲಿ ಬರೆದ ಅವನ ಸಣ್ಣ ಪುಸ್ತಕ 1948ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಡಿಯಾರವಿಲ್ಲ. ದಿನ ಯಾವುದು, ವಾರ ಯಾವುದು ಎಂಬ ಲೆಕ್ಕವೇ ಅಲ್ಲಿ ಕಳೆದುಹೋಗಿದೆ. ಒಂದು ಸ್ಕ್ವಾಡ್ರನ್ನಿಗೆ ಮರುದಿನ ಎಂಬುದಿತ್ತು. ಹೊಸ ಹುಡುಗ, ಹೊಸ ಗುರಿ, ಹೊಸ ಸಾಲು. ಕೆಳಗಿನವರಿಗೆ ಅದಿರಲಿಲ್ಲ. ಶೈಲಿಯ ಮೂಲಕವೇ ಇದನ್ನು ತಿಳಿಸುವ ಪುಸ್ತಕ ಅದು. ಇಂಥದ್ದನ್ನು ಜರ್ಮನ್ ಲೇಖಕರು ಏಕೆ ಬರೆಯದೆ ಉಳಿದರು ಎಂದು ಡಬ್ಲ್ಯೂ. ಜಿ. ಸೆಬಾಲ್ಡ್ 1997ರಲ್ಲಿ ಜ್ಯೂರಿಚ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಕೇಳಿದ. ನೊಸ್ಸಾಕನನ್ನು ಅಪವಾದಗಳಲ್ಲಿ ಒಬ್ಬನೆಂದು ಎಣಿಸಿದ. ಮೂರೂವರೆಯಿಂದ ಆರು ಲಕ್ಷದವರೆಗೆ ಅಂದಾಜಿರುವ ಆ ಸಾವುಗಳ ಬಗ್ಗೆ ಸತ್ತವರ ದೇಶದವರೇ ನಾಚಿಕೆಯಿಂದಲೋ ತಪ್ಪಿತಸ್ಥ ಭಾವದಿಂದಲೋ ಬಾಯಿ ಮುಚ್ಚಿಕೊಂಡರೆಂಬುದು ಅವನ ದೂರು. ಬಂದ ಉತ್ತರಗಳಲ್ಲಿ ಸಿಟ್ಟೇ ಹೆಚ್ಚಿತ್ತು.

ಡ್ರೆಸ್ಡೆನ್ನಿನಲ್ಲಿ ಯುದ್ಧಕೈದಿಯಾಗಿದ್ದು, 1945ರ ಫೆಬ್ರವರಿಯ ದಾಳಿಯಲ್ಲಿ ಕಸಾಯಿಖಾನೆಯ ನೆಲಮಾಳಿಗೆಯಲ್ಲಿ ಬದುಕಿ ಉಳಿದ ಕರ್ಟ್ ವಾನೆಗಟ್ ಹಿಡಿದ ದಾರಿ ಬೇರೆ. ಅವನ 1969ರ 'ಸ್ಲಾಟರ್‌ಹೌಸ್-ಫೈವ್' ಕಾದಂಬರಿಯ ನಾಯಕ ಒಂದು ಬಾಂಬರ್ ಸಿನಿಮಾವನ್ನು ಹಿಂದುಮುಂದಾಗಿ ನೋಡುತ್ತಾನೆ. ಬೆಂಕಿ ಕುಗ್ಗಿ ಬಾಂಬಿನೊಳಗೆ ಸೇರುತ್ತದೆ, ಬಾಂಬು ಮೇಲೇರಿ ವಿಮಾನದ ಹೊಟ್ಟೆಗೆ ಹೋಗುತ್ತದೆ, ತೂತುಬಿದ್ದ ವಿಮಾನಗಳು ಗುಣವಾಗಿ ಊರಿಗೆ ಮರಳುತ್ತವೆ, ಕಾರ್ಖಾನೆಯ ಹೆಣ್ಣುಮಕ್ಕಳು ಬಾಂಬನ್ನು ಬಿಚ್ಚಿ ಖನಿಜವನ್ನು ಮತ್ತೆ ಮಣ್ಣಿನಲ್ಲಿ ಹೂಳುತ್ತಾರೆ. ಸ್ಕ್ವಾಡ್ರನ್ನಿನ ದಿನಚರಿಯ ಒಂದು ಹೆಜ್ಜೆಯನ್ನೂ ಬಿಡದೆ ಬರೀ ದಿಕ್ಕು ತಿರುಗಿಸಿದ್ದಾನೆ. ಒಂದೂವರೆ ಪುಟದ ಈ ಭಾಗ ನಾವು ಓದಿದ ಯುದ್ಧ ಸಾಹಿತ್ಯದಲ್ಲೇ ಅಪರೂಪದ್ದು. ಕಾದಂಬರಿಯ ಉಳಿದ ವಿದೂಷಕತನ, ಬೇರೆ ಗ್ರಹದ ಜೀವಿಗಳು ಇತ್ಯಾದಿ ನಮಗೆ ಅಷ್ಟಾಗಿ ರುಚಿಸದಿದ್ದರೂ ಈ ಭಾಗಕ್ಕಾಗಿ ಅದನ್ನು ಮತ್ತೆ ಮತ್ತೆ ತೆರೆದಿದ್ದೇವೆ.

ಈ ರೋಜ್ನಾಮಚೆ ಶುರುವಾದದ್ದು ಜರ್ಮನಿಯಲ್ಲಲ್ಲ ಎಂಬುದನ್ನೂ ಬಹುಪಾಲು ಪುಸ್ತಕಗಳು ಹೇಳುವುದಿಲ್ಲ. ಸ್ವೀಡನ್ನಿನ ಸ್ವೆನ್ ಲಿಂಡ್‌ಕ್ವಿಸ್ಟ್ ತನ್ನ ಬಾಂಬಿನ ಇತಿಹಾಸದಲ್ಲಿ ಅದನ್ನು 1911ರ ನವೆಂಬರ್ 1ಕ್ಕೆ ಒಯ್ಯುತ್ತಾನೆ. ಅಂದು ಇಟಲಿಯ ಒಬ್ಬ ಪೈಲಟ್ ಲಿಬಿಯಾದ ಓಯಸಿಸ್ಸಿನ ಮೇಲೆ ಕೈಯಿಂದಲೇ ಬಾಂಬ್ ಎಸೆದ. ಬಾಂಬರ್ ಕಮಾಂಡಿನ ಮುಖ್ಯಸ್ಥ ಆರ್ಥರ್ ಹ್ಯಾರಿಸ್ ಕಸುಬು ಕಲಿತದ್ದೂ ಇಪ್ಪತ್ತರ ದಶಕದಲ್ಲಿ, ಹಿಂದೂಸ್ತಾನದ ವಾಯವ್ಯ ಗಡಿಯಲ್ಲಿ ಮತ್ತು ಇರಾಕಿನಲ್ಲಿ. ಸಾಗಾಣಿಕೆ ವಿಮಾನಗಳನ್ನು ಬಾಂಬರ್‌ಗಳನ್ನಾಗಿ ಮಾರ್ಪಡಿಸಿದ್ದು ಅಲ್ಲಿಯೇ. ಲಿಂಡ್‌ಕ್ವಿಸ್ಟ್ ತನ್ನ ಪುಸ್ತಕವನ್ನು ಮೊದಲಿನಿಂದ ಕೊನೆಗೆ ಓದಲಾಗದಂತೆ, ದಾರಿಗಳು ಕವಲೊಡೆಯುವಂತೆ ಕಟ್ಟಿದ್ದಾನೆ. ಓದುವಾಗ ಕಿರಿಕಿರಿಯಾಗುತ್ತದೆ. ಆದರೆ ಅವನೂ ಅದೇ ನೇರ ಕಾಲಂನಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದಾನೆಂದು ತಿಳಿದಾಗ ಸಹನೆ ಬರುತ್ತದೆ.

ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡಿಗೆ ಸ್ಮಾರಕ ಎದ್ದದ್ದು 2012ರಲ್ಲಿ. ಏಳು ಕಂಚಿನ ಹುಡುಗರು, ಆಗತಾನೆ ವಿಮಾನದಿಂದ ಇಳಿದು ಬಂದವರು. ಬಾರದ ಗೆಳೆಯರಿಗಾಗಿ ಕೆಲವರು ಆಕಾಶ ನೋಡುತ್ತಿದ್ದಾರೆ. ಶಿಲ್ಪಿಯೂ ಆರಿಸಿಕೊಂಡದ್ದು ದಿನಚರಿಯ ಅದೇ ಗಳಿಗೆಯನ್ನು, ಇಳಿದ ಹೊತ್ತನ್ನು. ಅದೇ ಸ್ಮಾರಕದಲ್ಲಿ, 1939ರಿಂದ 1945ರವರೆಗೆ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳವರನ್ನೂ ಇದು ಸ್ಮರಿಸುತ್ತದೆ ಎಂಬ ಅರ್ಥದ ಒಂದು ಸಾಲನ್ನೂ ಕೆತ್ತಿದ್ದಾರೆ. ಆ ಸಾಲು ಇರುವುದು ಒಳ್ಳೆಯದೇ. ಅದು ಸಾಲಾಗಿಯೇ ಉಳಿದಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ.

ಕನ್ನಡದ ಓದುಗರಿಗೆ ಇದೆಲ್ಲ ದೂರದ ಕಥೆ ಎನಿಸಬಹುದು. ಅಷ್ಟೇನೂ ದೂರವಲ್ಲ. ಯುದ್ಧದ ದಿನಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ, ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಎಂಬ ಭಾರೀ ಬಾಂಬರ್‌ಗಳನ್ನು ಇದೇ ಕಾರ್ಖಾನೆಯವರು ಹೇಗೋ ಹಾರುವಂತೆ ಮಾಡಿ ಬೆಂಗಳೂರಿಗೆ ತಂದು, ನಲವತ್ತಕ್ಕೂ ಹೆಚ್ಚನ್ನು ಹೊಸದಾಗಿ ಕಟ್ಟಿಕೊಟ್ಟರು. 1948ರ ನವೆಂಬರಿನಲ್ಲಿ ಭಾರತದ ಮೊದಲ ಭಾರೀ ಬಾಂಬರ್ ಸ್ಕ್ವಾಡ್ರನ್ ಹುಟ್ಟಿದ್ದು ಆ ವಿಮಾನಗಳಿಂದ. ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯದಲ್ಲಿರುವ ಲಿಬರೇಟರ್ ಕೂಡ ಇಲ್ಲಿಂದ ಹೋದದ್ದೇ.

ಅದಕ್ಕೂ ಹಿಂದೆ, 1943ರಲ್ಲಿ, ಲಿಬರೇಟರ್‌ಗಳ ಬ್ರಿಟಿಷ್ ಸ್ಕ್ವಾಡ್ರನ್ನುಗಳು ಬಂಗಾಳದ ಮಿಡ್ನಾಪುರ ಜಿಲ್ಲೆಯ ಸಾಲ್ಬನಿ, ಡಿಗ್ರಿಗಳಲ್ಲಿ ನೆಲೆಯೂರಿದ್ದವು. ಅದು ಕ್ಷಾಮದ ವರ್ಷ. ಹಿಂದಿನ ವರ್ಷದ ಚಂಡಮಾರುತದಲ್ಲಿ ನಲುಗಿದ್ದ ಮಿಡ್ನಾಪುರ ಅತಿ ಹೆಚ್ಚು ಹಸಿದ ಜಿಲ್ಲೆಗಳಲ್ಲಿ ಒಂದು. ಅಲ್ಲಿಂದ ಹೊರಟ ವಿಮಾನಗಳು ಬರ್ಮಾದ, ಸಯಾಮಿನ ಗುರಿಗಳಿಗೆ ಹೋಗುತ್ತಿದ್ದವು. ಆ ಗುರಿಗಳಲ್ಲಿ ಒಂದು ಜಪಾನೀಯರು ಕಟ್ಟಿಸಿದ ಬರ್ಮಾ-ಸಯಾಮ್ ರೈಲು ಹಳಿ. ಅದರ ಸೇತುವೆಗಳನ್ನು 1944-45ರಲ್ಲಿ ಮತ್ತೆ ಮತ್ತೆ ಹೊಡೆದರು. ಆ ಹಳಿಯನ್ನು ಹಾಕಿದವರು ಬಿಳಿಯ ಯುದ್ಧಕೈದಿಗಳಷ್ಟೇ ಅಲ್ಲ. ಮಲಯದ ರಬ್ಬರ್ ತೋಟಗಳಿಂದ ಎಳೆದು ತಂದ ತಮಿಳು ಕೂಲಿಗಳೂ ಲೆಕ್ಕವಿಲ್ಲದಷ್ಟು. ಒಂದೇ ವಿಮಾನ ಹಸಿದ ಭಾರತೀಯರ ಹೊಲಗಳ ಮೇಲಿಂದ ಏರಿ, ಜೀತಕ್ಕೆ ಸಿಕ್ಕ ಭಾರತೀಯರು ಕಟ್ಟಿದ ಹಳಿಗೆ ಬಾಂಬ್ ಹಾಕಿ ಬರುತ್ತಿತ್ತು. ಏರಿದ ಹೊತ್ತು, ಇಳಿದ ಹೊತ್ತು ಅದಕ್ಕೂ ಇತ್ತು. ಆ ಹಳಿಯ ಕೂಲಿಗಳ ಕಡೆಯಿಂದ ಮಲೇಶಿಯಾದ ತಮಿಳು ಲೇಖಕ ಆರ್. ಷಣ್ಮುಗಂ 'ಸಯಾಂ ಮರಣ ರೈಲು' ಎಂಬ ಕಾದಂಬರಿ ಬರೆದಿದ್ದಾರೆ. ಅದನ್ನು ನಾವು ಕನ್ನಡದಲ್ಲಿ ಇನ್ನೂ ಕಂಡಿಲ್ಲ. ತಮಿಳು ಬಲ್ಲ ಅನುವಾದಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಾಲ್ಬನಿಯ ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಂತು ಆ ಲಿಬರೇಟರ್‌ಗಳು ಏರುವುದನ್ನು ನೋಡಿದವರ ಕಥೆ ಮಾತ್ರ ಬಂಗಾಳಿಯಿಂದಲೇ ಬರಬೇಕು.